ಪೇರಿಂಗ್ ಪಟ್ಟಿ ನೋಡುವ ಅಪ್ಪ-ಅಮ್ಮಂದಿರಿಗೆ

ಪ್ರಿಯ ಅಪ್ಪ-ಅಮ್ಮಂದಿರೇ,

ನೇರವಾಗಿ ವಿಷಯಕ್ಕೇ ಬರುತ್ತೇನೆ. ಮುಂದಿನ ಟೂರ್ನಿಯಿಂದ, ಎದುರಾಳಿಯ ರೇಟಿಂಗ್ ಎಷ್ಟು ಅಂತ ಮಗುವಿಗೆ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ. ಯಾಕೆ ಅನ್ನುವುದಕ್ಕೆ ಮಾತ್ರ ಉತ್ತರ ಸ್ವಲ್ಪ ಉದ್ದವಿದೆ. ಒಂದು ರೌಂಡು ಮುಗಿಯುವುದರೊಳಗೆ ಓದಿ ಮುಗಿಸಬಹುದು. ಹೇಗೂ ಹೊರಗೆ ಕಾಯುತ್ತಲೇ ಇರುತ್ತೀರಿ.

ನಾನು ಮಕ್ಕಳಿಗೆ ಚೆಸ್ ಹೇಳಿಕೊಡುವವನು. ರಜಾದಿನ ಬಂತೆಂದರೆ ನಿಮ್ಮ ಹಾಗೆಯೇ ಯಾವುದೋ ಶಾಲೆಯ ಸಭಾಂಗಣದ ಹೊರಗೋ ಕಲ್ಯಾಣ ಮಂಟಪದ ವರಾಂಡದಲ್ಲೋ ಖಾಲಿ ಪ್ಲಾಸ್ಟಿಕ್ ಕುರ್ಚಿ ಹುಡುಕಿ ಕೂರುವವನು. ಪೇರಿಂಗ್ ಬಂತು ಎಂದ ಕೂಡಲೇ ಅಲ್ಲಿ ನಡೆಯುವುದನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ಮೊಬೈಲುಗಳು ಹೊರಗೆ ಬರುತ್ತವೆ, ಚೆಸ್-ರಿಸಲ್ಟ್ಸ್ ಜಾಲತಾಣ ತೆರೆದುಕೊಳ್ಳುತ್ತದೆ, ಬೆರಳು ಮಗುವಿನ ಹೆಸರಿನ ಸಾಲಿಗೆ ಹೋಗಿ ನಿಲ್ಲುತ್ತದೆ. ಎದುರಾಳಿಯ ಹೆಸರು ಏನೆಂದು ಯಾರೂ ಓದುವುದಿಲ್ಲ, ಪಕ್ಕದ ಸಂಖ್ಯೆಯನ್ನು ಓದುತ್ತಾರೆ. ‘ಅಯ್ಯೋ, 1850 ಕಣೋ! ಹುಷಾರಾಗಿ ಆಡು, ಡ್ರಾ ಸಿಕ್ಕರೆ ತಗೊಂಡ್ಬಿಡು.’ ಪಕ್ಕದ ಕುರ್ಚಿಯಿಂದ ಇನ್ನೊಂದು ದನಿ: ‘ಅನ್‌ರೇಟೆಡ್ ಪುಟ್ಟಾ, ಬೇಗ ಮುಗಿಸ್ಕೊಂಡು ಬಾ, ಊಟಕ್ಕೆ ಹೋಗೋಣ.’ ಎರಡೂ ಅಕ್ಕರೆಯ ಮಾತುಗಳೇ. ಆದರೆ ಮೊದಲ ಮಗು ಅರ್ಧ ಸೋತುಕೊಂಡೇ ಒಳಗೆ ಹೋಗುತ್ತದೆ. ಎರಡನೆಯದು ತಲೆ ಓಡಿಸುವ ಕೆಲಸವೇ ಇಲ್ಲ ಅಂದುಕೊಂಡು ಹೋಗುತ್ತದೆ.

2025ರ ಜೂನ್ 1ರಂದು ನಾರ್ವೆಯ ಸ್ಟಾವೆಂಜರ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮೇಜು ಗುದ್ದಿದ ವಿಡಿಯೊ ನಿಮ್ಮಲ್ಲಿ ಬಹಳ ಜನರ ಮೊಬೈಲಿಗೆ ಬಂದಿರುತ್ತದೆ. ಗುದ್ದಿದ ಏಟಿಗೆ ಮಣೆಯ ಮೇಲಿದ್ದ ಕಾಯಿಗಳು ಚೆಲ್ಲಾಡಿದವು. ಎದುರಿಗಿದ್ದ ಡಿ. ಗುಕೇಶ್ ಎದ್ದುಹೋಗಿ, ಗೆದ್ದದ್ದನ್ನು ತಾವೇ ನಂಬಲಾಗದವರಂತೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ಓಡಾಡಿದರು. ಆ ತುಣುಕನ್ನು ಹಂಚಿಕೊಂಡವರೆಲ್ಲ ಆಟವನ್ನು ನೋಡಿದವರಲ್ಲ. ನನ್ನ ಮಾತಿರುವುದು ಆ ಆಟದ ಬಗ್ಗೆ.

ಗುಕೇಶ್ ಆ ಹೊತ್ತಿಗೆ ವಿಶ್ವ ಚಾಂಪಿಯನ್. ಆದರೂ ರೇಟಿಂಗ್ ಲೆಕ್ಕದಲ್ಲಿ ಆ ಮೇಜಿನಲ್ಲಿ ಕೆಳಗಿನವರು ಅವರೇ. ಕಾರ್ಲ್‌ಸನ್ 2830ರ ಮೇಲಿದ್ದರು, 2011ರ ಜುಲೈನಿಂದ ಒಂದೇ ಸಮನೆ ಜಗತ್ತಿನ ನಂಬರ್ ಒನ್. ಗುಕೇಶ್ ಇದ್ದದ್ದು 2800ರ ಕೆಳಗೆ. ಕ್ಲಾಸಿಕಲ್ ಮಾದರಿಯಲ್ಲಿ ಅಲ್ಲಿಯವರೆಗೆ ಅವರು ಕಾರ್ಲ್‌ಸನ್‌ರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಅದೇ ಟೂರ್ನಿಯ ಮೊದಲ ಸುತ್ತಿನಲ್ಲಿ ಕಾರ್ಲ್‌ಸನ್ ಎದುರು ಸೋತೂ ಇದ್ದರು. ಆರನೇ ಸುತ್ತಿನ ಈ ಆಟದಲ್ಲಿ ಬಿಳಿ ಕಾಯಿ ಸಿಕ್ಕರೂ ಆಟ ಕೈಜಾರಿತು. ಕಾರ್ಲ್‌ಸನ್ ಮೆಲ್ಲಮೆಲ್ಲಗೆ ಹಿಡಿತ ಬಿಗಿಗೊಳಿಸಿದರು, ಆಮೇಲೆ ಗೆಲ್ಲುವ ಸ್ಥಿತಿಗೇ ಬಂದರು. ಅಲ್ಲಿಂದ ಗಂಟೆಗಟ್ಟಲೆ ಗುಕೇಶ್ ಮಾಡಿದ್ದು ಒಂದೇ ಕೆಲಸ: ಸೋಲನ್ನು ಒಂದೊಂದೇ ನಡೆ ಮುಂದೂಡುವುದು.

ಆ ಟೂರ್ನಿಯ ಸಮಯದ ನಿಯಮ ಇಲ್ಲಿ ಮುಖ್ಯ. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಎರಡು ಗಂಟೆ. 40 ನಡೆ ದಾಟಿದ ಮೇಲೆ ಪ್ರತಿ ನಡೆಗೆ ಹತ್ತು ಸೆಕೆಂಡು ಸೇರುತ್ತದೆ, ಅಷ್ಟೇ. ಗೆಲ್ಲುವ ಸ್ಥಿತಿಯಲ್ಲಿರುವವರೂ ಆ ಹತ್ತು ಸೆಕೆಂಡಿನಲ್ಲಿ ಸರಿಯಾದ ನಡೆಯನ್ನು ಮತ್ತೆ ಮತ್ತೆ ಹುಡುಕಬೇಕು. ಎದುರಿಗಿರುವವರು ಕೈಚೆಲ್ಲದೆ ಪ್ರತಿ ಬಾರಿಯೂ ಒಂದು ಹೊಸ ತೊಡಕು ಮುಂದಿಟ್ಟರೆ ಹುಡುಕಾಟ ಇನ್ನೂ ಕಷ್ಟ. 52ನೇ ನಡೆಯಲ್ಲಿ ಕಾರ್ಲ್‌ಸನ್ ಕುದುರೆಯಿಂದ ಚೆಕ್ ಕೊಟ್ಟರು. ನೋಡಿದರೆ ಸಹಜವಾದ ನಡೆ, ಆದರೆ ಆಟವನ್ನೇ ತಲೆಕೆಳಗು ಮಾಡಿತು. 62 ನಡೆಗಳಿಗೆ ಎಲ್ಲ ಮುಗಿದಿತ್ತು.

ಅಂಥ ಸ್ಥಿತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಲ ತಾನು ಸೋಲುತ್ತಿದ್ದೆ, ಇದು ಅದೃಷ್ಟ ಎಂಬ ಅರ್ಥದಲ್ಲಿ ಗುಕೇಶ್ ಆಮೇಲೆ ಹೇಳಿದರು. ಗೆದ್ದವರು ಹಾಗೆ ಹೇಳಿದ್ದು ಅವರ ದೊಡ್ಡತನ. ಆದರೆ ಕಲಿಸುವವನಾಗಿ ಅದನ್ನು ನಾನು ಹಾಗೇ ಒಪ್ಪಲಾರೆ. ಮೂವತ್ತನೇ ನಡೆಯಲ್ಲೇ ‘ಇವರು ಕಾರ್ಲ್‌ಸನ್, ಇನ್ನು ಬಿಡುವುದಿಲ್ಲ’ ಎಂದು ಕೈಚೆಲ್ಲಿದ್ದರೆ ಆ 52ನೇ ನಡೆ ಬರುತ್ತಲೇ ಇರಲಿಲ್ಲ. ಅದೃಷ್ಟ ಬಂದಿರಬಹುದು, ಆದರೆ ಅದು ಬರುವವರೆಗೆ ಕುರ್ಚಿ ಬಿಟ್ಟು ಏಳದೆ ಕೂತವರಿಗೆ ಬಂತು. ಕೆಳಗಿನ ರೇಟಿಂಗಿನವರು ಗೆದ್ದ ಆಟಗಳನ್ನು ತೆರೆದು ನೋಡಿ. ಮಿಂಚಿನ ಹೊಡೆತಗಳಿಂದ ಗೆದ್ದವು ಕೆಲವು ಸಿಗುತ್ತವೆ. ಹೀಗೆ ಮೊಂಡಾಗಿ ಕೂತು ಗೆದ್ದವೇ ಹೆಚ್ಚು ಸಿಗುತ್ತವೆ. ನಿಮ್ಮ ಮಗುವಿಗೆ ನೀವು ಕೊಡಬೇಕಾದದ್ದು ಆ ಕೂರುವ ಧೈರ್ಯ. ಪೇರಿಂಗ್ ನೋಡಿ ಮುಖ ಸಣ್ಣ ಮಾಡಿಕೊಂಡಾಗ ಅದನ್ನೇ ಕಸಿದುಕೊಳ್ಳುತ್ತೀರಿ.

ಇದೇ ಗುಕೇಶ್ ಅದಕ್ಕೂ ಆರು ತಿಂಗಳ ಹಿಂದೆ ಮೇಜಿನ ಇನ್ನೊಂದು ಬದಿಯಲ್ಲಿದ್ದರು. 2024ರ ನವೆಂಬರ್ 25, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟ. ಗುಕೇಶ್ 2783, ಆಗಿನ ಚಾಂಪಿಯನ್ ಡಿಂಗ್ ಲಿರೆನ್ 2728. ಡಿಂಗ್ ಹಲವು ತಿಂಗಳಿಂದ ಒಂದೂ ಕ್ಲಾಸಿಕಲ್ ಆಟ ಗೆದ್ದಿರಲಿಲ್ಲ. ಪಂದ್ಯ ಬೇಗ ಮುಗಿಯುತ್ತದೆ ಎಂದೇ ಬಹಳ ಜನ ಮಾತಾಡಿಕೊಳ್ಳುತ್ತಿದ್ದರು. ಆ ಡಿಂಗ್ ಕಪ್ಪು ಕಾಯಿಯಲ್ಲಿ ಮೊದಲ ಆಟವನ್ನೇ ಗೆದ್ದರು. ಮುಂದೆ 12ನೇ ಆಟವನ್ನೂ ಗೆದ್ದರು. ಡಿಸೆಂಬರ್ 12ರಂದು 14ನೇ ಆಟದಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟ ಮೇಲಷ್ಟೇ 7.5–6.5ರಿಂದ ಗುಕೇಶ್ ಚಾಂಪಿಯನ್ ಆದರು. ಮೊದಲ ದಿನವೇ ಕೆಳಗಿನ ರೇಟಿಂಗಿನವರಿಗೆ ಸೋತ ಆ ಹುಡುಗನಿಗೆ ಹೋಟೆಲಿಗೆ ವಾಪಸಾಗುವಾಗ ಯಾರಾದರೂ ‘ಅವನ ಹತ್ತಿರ ಸೋತೆಯಲ್ಲ’ ಎಂದಿದ್ದರೆ ಉಳಿದ 13 ಆಟಗಳು ಹೇಗೆ ಸಾಗುತ್ತಿದ್ದವೋ, ಊಹಿಸಿ ನೋಡಿ.

ಈಗ ನಿಮಗೆ ಅಷ್ಟು ದೊಡ್ಡದಾಗಿ ಕಾಣುವ ಆ ಸಂಖ್ಯೆಯ ವಿಚಾರ. ಈ ಲೆಕ್ಕ ಕೊಟ್ಟವರು ಅರ್ಪಾಡ್ ಎಲೊ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು, ತಾವೂ ಗಟ್ಟಿ ಆಟಗಾರರು. ಜಾಗತಿಕ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅವರ ಪದ್ಧತಿಯನ್ನು ಒಪ್ಪಿಕೊಂಡಿತು. ರೇಟಿಂಗ್ ಹೇಳುವುದು ಒಂದು ನಿರೀಕ್ಷೆಯನ್ನು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ, ಫಿಡೆಯ ಕೋಷ್ಟಕದ ಪ್ರಕಾರ, ನೂರು ಆಟಗಳಲ್ಲಿ ಮೇಲಿನವರಿಗೆ 76 ಪಾಯಿಂಟ್, ಕೆಳಗಿನವರಿಗೆ 24. ಅಂತರ 400 ಆದರೂ ಕೆಳಗಿನವರ ಪಾಲಿಗೆ 8 ಪಾಯಿಂಟ್ ಉಳಿಯುತ್ತದೆ. ಡ್ರಾಗಳ ಅರ್ಧರ್ಧ ಪಾಯಿಂಟೂ ಇದರಲ್ಲಿ ಸೇರಿದೆ ನಿಜ. ಆದರೆ ಸೊನ್ನೆ ಎಂದು ಆ ಕೋಷ್ಟಕ ಹೇಳುವುದಿಲ್ಲ. ಇವತ್ತಿನ ಆಟ ಆ ನೂರರಲ್ಲಿ ಯಾವುದು ಎಂದಂತೂ ಅದಕ್ಕೆ ಗೊತ್ತೇ ಇಲ್ಲ.

ಮಕ್ಕಳ ವಿಷಯದಲ್ಲಿ ಆ ನಿರೀಕ್ಷೆಯೂ ಹಳೆಯದು. ಬೆಳೆಯುವ ಮಗುವಿನ ರೇಟಿಂಗ್ ಹೋದ ದೀಪಾವಳಿಗೆ ಹೊಲಿಸಿದ ಅಂಗಿಯಿದ್ದ ಹಾಗೆ. ಮಗು ದಿನಕ್ಕೆ ನಾಲ್ಕು ಗಂಟೆ ಆಟ ಕಲಿಯುತ್ತಿರುತ್ತದೆ, ಸಂಖ್ಯೆ ಮಾತ್ರ ಹಿಂದಿನ ಟೂರ್ನಿಯಲ್ಲೇ ನಿಂತಿರುತ್ತದೆ. 1400ರ ಹುಡುಗರ ಮುಂದೆ ಕೂರುವ ಹಿರಿಯ ಆಟಗಾರರನ್ನು ಕೇಳಿ ನೋಡಿ, ಮುಖ ಕಿವುಚಿ ಅವರೇ ಹೇಳುತ್ತಾರೆ. 2024ರ ಮಾರ್ಚ್ 1ರಂದು ನಡೆದದ್ದು ನಿಮಗೆ ನೆನಪಿರಬೇಕು. ಕೆಳಹಂತದ ರೇಟಿಂಗುಗಳು ಕುಸಿದಿವೆ ಎಂದು ಫಿಡೆ ಒಂದೇ ದಿನ ಅವನ್ನು ಮೇಲಕ್ಕೆತ್ತಿತು: 2000ಕ್ಕೆ ಎಷ್ಟು ಕಡಿಮೆಯೋ ಅದರ ಶೇ 40ರಷ್ಟು ಸೇರಿಸಿತು, ಕನಿಷ್ಠ ರೇಟಿಂಗನ್ನು 1400ಕ್ಕೆ ಏರಿಸಿತು. ಹಿಂದಿನ ರಾತ್ರಿ 1200 ಆಗಿ ಮಲಗಿದ ಮಗು ಬೆಳಿಗ್ಗೆ 1520 ಆಗಿ ಎದ್ದಿತು. ಆ ರಾತ್ರಿ ಅದು ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ. ಹೀಗೆ ಆಡಳಿತದ ಒಂದು ಆದೇಶಕ್ಕೆ 320 ಅಂಕ ಏರುವ ಸಂಖ್ಯೆಯನ್ನು ಕಂಡು ಹತ್ತು ವರ್ಷದ ಮಗು ಯಾಕೆ ನಡುಗಬೇಕು?

ಇನ್ನೊಂದು ಮಾತು. ಮೊದಲ ರೌಂಡಿನಲ್ಲೇ ದೊಡ್ಡ ಎದುರಾಳಿ ಬಂದರೆ ‘ನಮ್ಮ ಗ್ರಹಚಾರ’ ಎನ್ನುವುದನ್ನು ಕೇಳಿದ್ದೇನೆ. ಅದು ಗ್ರಹಚಾರವಲ್ಲ, ಸ್ವಿಸ್ ಪದ್ಧತಿ. ಎಲ್ಲರನ್ನೂ ರೇಟಿಂಗ್ ಪ್ರಕಾರ ಸಾಲಾಗಿ ನಿಲ್ಲಿಸಿ, ಸಾಲನ್ನು ಎರಡು ಭಾಗ ಮಾಡಿ, ಮೇಲಿನರ್ಧದ ಮೊದಲಿಗರಿಗೆ ಕೆಳಗಿನರ್ಧದ ಮೊದಲಿಗರನ್ನು ಎದುರು ಹಾಕುತ್ತಾರೆ. ಇನ್ನೂರು ಜನರಿದ್ದರೆ ಒಂದನೆಯವರಿಗೆ ನೂರಾ ಒಂದನೆಯವರು. ಅಂದರೆ ಕೆಳಗಿನವರು ಮೇಲಿನವರನ್ನು ಎದುರಿಸಲೆಂದೇ ಟೂರ್ನಿಯ ವ್ಯವಸ್ಥೆ ಇದೆ. ಆಳು ನೋಡಿ ಮಣೆ ಹಾಕುವ ಅಭ್ಯಾಸವನ್ನು ಆ ಹಾಲ್‌ನ ಹೊರಗೇ ಬಿಟ್ಟು ಬರಬೇಕು.

ನನ್ನ ಕಣ್ಣೆದುರು ನಡೆದ ಒಂದು ಆಟ ಹೇಳುತ್ತೇನೆ. ನಮ್ಮ ತರಗತಿಯ ಹುಡುಗಿಯೊಬ್ಬಳು, ರೇಟಿಂಗ್ 1500ರ ಆಸುಪಾಸು. ಎದುರಿಗೆ 1800ರ ಹತ್ತಿರದ ನಡುವಯಸ್ಕರು. ಅವಳ ಅಮ್ಮನ ಮೊಬೈಲಿನ ಚಾರ್ಜು ಮುಗಿದುಹೋಗಿತ್ತು. ಹಾಗಾಗಿ ಬೋರ್ಡ್ ನಂಬರು ಮಾತ್ರ ಕೇಳಿಕೊಂಡು ಅವಳು ಒಳಗೆ ಹೋದಳು. ಆಟ ಆನೆಗಳ ಎಂಡ್‌ಗೇಮಿಗೆ ಬಂತು, ಇಬ್ಬರಿಗೂ ಸಮ. ಅವರು ಡ್ರಾ ಕೇಳಿದರು. ಅವಳು ತಲೆಯಾಡಿಸಿ ಬೇಡವೆಂದಳು. ಅವರ ಒಂದು ಪಾನ್ ಒಂಟಿಯಾಗಿತ್ತು. ಅದನ್ನು ಕಾಯಲು ಅವರು ಆನೆಯನ್ನು ಹಿಂದೆ ತಂದಿಟ್ಟರು. ಆ ಆನೆ ಮತ್ತೆ ಅಲ್ಲಿಂದ ಏಳಲಿಲ್ಲ. ಅವಳು ರಾಜನನ್ನು ಒಂದೊಂದೇ ಮನೆ ನಡೆಸಿಕೊಂಡು ಹೊರಟಳು. ನಾಲ್ಕು ಗಂಟೆಯ ಆಟ ಗೆದ್ದು ಹೊರಗೆ ಬಂದವಳು ಸ್ಕೋರ್ ಶೀಟ್ ನನ್ನ ಕೈಗಿಟ್ಟು ಕೇಳಿದ ಮೊದಲ ಪ್ರಶ್ನೆ: ‘ಸರ್, ಅಂಕಲ್ ಆನೆನ ಯಾಕೆ ಹಿಂದೆ ಕಟ್ಟಿಹಾಕ್ಕೊಂಡ್ರು?’ ಚೆಸ್ ಕಲಿಯುವವರು ಕೇಳುವ ಪ್ರಶ್ನೆ ಅದು. ಆ ಡ್ರಾವನ್ನು ಅವಳು ಬೇಡವೆಂದದ್ದು ಆಟ ನೋಡಿ. ಸಂಖ್ಯೆ ಗೊತ್ತಿದ್ದರೆ ಎದುರಿನವರ ಕೈ ಕುಲುಕಿ ಎದ್ದುಬರುತ್ತಿದ್ದಳೇನೋ.

ಅಂಕದ ಲೆಕ್ಕವೂ ಬೇಕು ಅನ್ನುವವರಿಗೆ: 300ರ ಅಂತರದಲ್ಲಿ ಕೆಳಗಿನವರ ನಿರೀಕ್ಷಿತ ಪಾಲು 0.15. ಅವಳು ಪಡೆದದ್ದು 1. ಹೆಚ್ಚುವರಿ 0.85. ಹದಿನೆಂಟರೊಳಗಿನ, 2300ರ ಕೆಳಗಿನ ಮಕ್ಕಳಿಗೆ ಅದನ್ನು 40ರಿಂದ ಗುಣಿಸುತ್ತಾರೆ, ಅಂದರೆ ಅವಳಿಗೆ 34 ಅಂಕ ಏರಿಕೆ. ಆ ದೊಡ್ಡವರ ಗುಣಕ 20, ಅವರಿಗೆ ಇಳಿದದ್ದು 17. ಸೋತಿದ್ದರೆ ಅವಳು ಕಳೆದುಕೊಳ್ಳುತ್ತಿದ್ದದ್ದು ಬರೀ 6. ಲೆಕ್ಕಾಚಾರದಲ್ಲೇ ಹೋದರೂ ಹೆದರಬೇಕಾದವರು ಮೇಲಿನವರು!

ಹೆಣ್ಣುಮಕ್ಕಳ ತಂದೆ-ತಾಯಿಗಳಿಗೆ ದಿವ್ಯಾ ದೇಶಮುಖ್ ಹೆಸರು ನೆನಪಿಸಬೇಕು. 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್‌ಗೆ ನಾಗಪುರದ ಈ 19ರ ಹುಡುಗಿ ಹೋದದ್ದು 15ನೇ ಶ್ರೇಯಾಂಕದವರಾಗಿ. ಎರಡನೇ ಶ್ರೇಯಾಂಕದ ಝು ಜಿನರ್, ಹಾರಿಕಾ, ಮಾಜಿ ವಿಶ್ವ ಚಾಂಪಿಯನ್ ಟಾನ್ ಝೊಂಗ್ಯಿ ಒಬ್ಬರಾದ ಮೇಲೊಬ್ಬರು ಮನೆಗೆ ಹೋದರು. ಟಾನ್ ಎದುರು ಗೆದ್ದ ಆಟ 101 ನಡೆಗಳದ್ದು. ಇಬ್ಬರೂ ದಣಿದು ತಪ್ಪುಗಳನ್ನು ಮಾಡಿದ ಆಟ. ಫೈನಲ್‌ನಲ್ಲಿ ಎದುರಾದವರು ಕೋನೇರು ಹಂಪಿ. ಕ್ಲಾಸಿಕಲ್ ಆಟಗಳೆರಡೂ ಡ್ರಾ ಆಗಿ, ಜುಲೈ 28ರ ರ್‍ಯಾಪಿಡ್ ಟೈಬ್ರೇಕ್‌ನಲ್ಲಿ ದಿವ್ಯಾ ಗೆದ್ದರು. ಒಂದೂ ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಇಲ್ಲದೆ ಹೋದವರು ಗ್ರ್ಯಾಂಡ್‌ಮಾಸ್ಟರ್ ಆಗಿ ಮರಳಿದರು. ಪ್ರತಿ ಪೇರಿಂಗಿಗೂ ಹೆದರುತ್ತಾ ಹೋಗಿದ್ದರೆ ಅವರ ಪ್ರಯಾಣ ನಾಲ್ಕನೇ ಸುತ್ತಿನಲ್ಲೇ ಮುಗಿಯಬೇಕಿತ್ತು.

ಇನ್ನು ಸ್ವಲ್ಪ ಕಹಿಯಾದದ್ದು. ಮೇಲಿನ ರೇಟಿಂಗಿನ ಮಕ್ಕಳು ಸೋತಾಗ ವರಾಂಡದಲ್ಲಿ ಪಿಸುಮಾತು ಶುರುವಾಗುತ್ತದೆ. ‘ಟಾಯ್ಲೆಟ್ಟಿಗೆ ಎಷ್ಟು ಸಲ ಹೋದ ನೋಡಿದ್ರಾ?’, ‘ಆ ಪೆನ್ನಿನಲ್ಲಿ ಏನೋ ಇದೆ.’ ಈ ರೋಗ ಮೇಲಿನಿಂದಲೇ ಇಳಿದು ಬಂದದ್ದು. 2022ರ ಸೆಪ್ಟೆಂಬರ್‌ನಲ್ಲಿ ಸಿಂಕ್ವೆಫೀಲ್ಡ್ ಕಪ್‌ನಲ್ಲಿ 2861ರ ಕಾರ್ಲ್‌ಸನ್ 2688ರ ಹ್ಯಾನ್ಸ್ ನೀಮನ್‌ಗೆ ಸೋತು, ಮರುದಿನ ಟೂರ್ನಿಯನ್ನೇ ಬಿಟ್ಟು ನಡೆದರು. ಹಿಂದೆ ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿದ್ದನ್ನು ನೀಮನ್ ತಾವೇ ಒಪ್ಪಿಕೊಂಡಿದ್ದರು, ಅದು ಬೇರೆ ಮಾತು. ಆದರೆ ಆ ಆಟದಲ್ಲಿ ಮೋಸ ನಡೆಯಿತೆಂಬುದು ಸಾಬೀತಾಗಲಿಲ್ಲ. ಸರಿಯಾದ ಕಾರಣವಿಲ್ಲದೆ ಟೂರ್ನಿ ಬಿಟ್ಟದ್ದಕ್ಕೆ ಫಿಡೆ ಕಾರ್ಲ್‌ಸನ್‌ಗೆ 10,000 ಯೂರೊ ದಂಡ ಹಾಕಿತು. 2023ರ ಅಕ್ಟೋಬರ್‌ನಲ್ಲಿ ಕತಾರ್ ಮಾಸ್ಟರ್ಸ್‌ನಲ್ಲಿ ಕಜಕಸ್ತಾನದ 2512ರ ಅಲಿಶರ್ ಸುಲೆಮೆನೊವ್ ಕಾರ್ಲ್‌ಸನ್‌ರನ್ನು ಸೋಲಿಸಿದಾಗ ಗೆದ್ದವರ ಕೈಗಡಿಯಾರದ ಮಾತು ಬಂತು, ಮೋಸದ ಆರೋಪ ಮಾಡುತ್ತಿಲ್ಲ ಎಂದು ಕಾರ್ಲ್‌ಸನ್ ಅವರೇ ಸ್ಪಷ್ಟಪಡಿಸಿದರು. ಅದೇ ಟೂರ್ನಿಯಲ್ಲಿ ನಮ್ಮ ಕಾರ್ತಿಕೇಯನ್ ಮುರಳಿಯೂ ಕಪ್ಪು ಕಾಯಿಯಲ್ಲಿ ಕಾರ್ಲ್‌ಸನ್‌ರನ್ನು ಸೋಲಿಸಿದರು. ಅನುಮಾನವಿದ್ದರೆ ಆರ್ಬಿಟರ್ ಇದ್ದಾರೆ, ಲಿಖಿತ ದೂರಿಗೆ ದಾರಿ ಇದೆ. ವರಾಂಡದ ಪಿಸುಮಾತಿಗೆ ಉತ್ತರ ಕೊಡಲು ಎದುರಿನ ಮಗುವಿಗೆ ದಾರಿಯೇ ಇಲ್ಲ. ನಿಮ್ಮ ಮಗುವಿಗೆ ಅದು ಕಲಿಸುವುದೂ ಒಂದೇ: ‘ನಿನಗಿಂತ ಕೆಳಗಿನವರು ನ್ಯಾಯವಾಗಿ ಗೆಲ್ಲಲಾರರು.’

ಸೋತ ಮಗುವಿನ ಅಪ್ಪ-ಅಮ್ಮಂದಿರು ಸ್ಟಾವೆಂಜರ್‌ನ ಮುಂದಿನ ಭಾಗವನ್ನೂ ನೋಡಬೇಕು. ಮೇಜು ಗುದ್ದಿದ ಕಾರ್ಲ್‌ಸನ್ ಅಲ್ಲೇ ಕ್ಷಮೆ ಕೇಳಿದರು. ಹೋಗುವಾಗ ಗುಕೇಶ್ ಬೆನ್ನು ತಟ್ಟಿದರು. ಆಮೇಲೆ ಉಳಿದ ಸುತ್ತುಗಳನ್ನು ಆಡಿ, ಟೂರ್ನಿಯನ್ನು ಗೆದ್ದವರು ಅವರೇ. ಗುಕೇಶ್ ಮೂರನೆಯವರಾದರು. ಕೆಳಗಿನವರಿಗೆ ಸೋತದ್ದರಿಂದ ಯಾರ ಆಟವೂ ಮುಳುಗಿಹೋಗುವುದಿಲ್ಲ. ಗೆದ್ದದ್ದರಿಂದ ಯಾರೂ ಏಕಾಏಕಿ ಚಕ್ರವರ್ತಿಯಾಗುವುದೂ ಇಲ್ಲ. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪಟ್ಟ ತಂದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಆ ಮೆಟ್ಟಿಲು ಹತ್ತುವಾಗ ವಯಸ್ಸು ಮೂವತ್ತು ದಾಟಿತ್ತು. ಹನ್ನೊಂದನೇ ವಯಸ್ಸಿನ ಒಂದು ಭಾನುವಾರದ ಸೋಲನ್ನು ಹಿಡಿದುಕೊಂಡು ಜಾತಕ ಬರೆಯಬೇಡಿ.

‘ನಾವು ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗುತ್ತದೆ’ ಎನ್ನುತ್ತೀರಿ. ಗೊತ್ತಾಗಲಿ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತಾವೇ ಓದಿಕೊಳ್ಳುವುದಕ್ಕೂ ಅಮ್ಮನ ದನಿಯ ಆತಂಕದಲ್ಲಿ ಕೇಳಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ‘ಎದುರಾಳಿಯ ಬಗ್ಗೆ ತಯಾರಿ ಬೇಡವೇ?’ ಎಂದು ಕೆಲವರು ಕೇಳಿದ್ದೀರಿ. ಬೇಕು. ಹಳೆಯ ಆಟಗಳು ಸಿಕ್ಕರೆ ಯಾವ ಓಪನಿಂಗ್ ಆಡುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ನೋಡೋಣ, ನಾನೂ ಜೊತೆಗೆ ಕೂರುತ್ತೇನೆ. ಸಂಖ್ಯೆಯಿಂದ ಅದೊಂದೂ ತಿಳಿಯುವುದಿಲ್ಲ.

ಹಾಗಾಗಿ, ಬರುವ ಟೂರ್ನಿಯಲ್ಲಿ ಹೀಗೆ ಮಾಡಿ. ಒಳಗೆ ಹೋಗುವಾಗ ಬೋರ್ಡ್ ನಂಬರು ಮತ್ತು ಕಾಯಿಯ ಬಣ್ಣ ಮಾತ್ರ ಹೇಳಿ. ನೀರಿನ ಬಾಟಲಿ, ಎರಡು ಪೆನ್ನು ಕೊಡಿ. ಹೊರಗೆ ಬಂದ ಕೂಡಲೇ ‘ಏನಾಯ್ತು?’ ಎನ್ನಬೇಡಿ, ಏನಾಯಿತೆಂದು ಮುಖ ನೋಡಿದರೇ ಗೊತ್ತಾಗುತ್ತದೆ. ಮೊದಲು ಊಟ ಮಾಡಿಸಿ. ಆಮೇಲೆ ಸ್ಕೋರ್ ಶೀಟ್ ಬಿಡಿಸಿ ‘ಯಾವ ನಡೆಗೆ ತುಂಬ ಹೊತ್ತು ಯೋಚಿಸಿದೆ?’ ಎಂದು ಕೇಳಿ. ನಿಮಗೆ ಚೆಸ್ ಬರಬೇಕೆಂದೇನೂ ಇಲ್ಲ, ಮಗು ಹೇಳುವುದನ್ನು ಕೇಳಿಸಿಕೊಂಡರೆ ಸಾಕು. ಗೆದ್ದಿದ್ದರೂ ಇದೇ ಪ್ರಶ್ನೆ, ಸೋತಿದ್ದರೂ ಇದೇ ಪ್ರಶ್ನೆ. ಎದುರಾಳಿಯ ರೇಟಿಂಗನ್ನು ರಾತ್ರಿ ಮಗು ಮಲಗಿದ ಮೇಲೆ ನೀವೊಬ್ಬರೇ ನೋಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಮಕ್ಕಳ ಚೆಸ್ ಮೇಷ್ಟ್ರು